ಅಳಿವೆಯ ಬದಿಯಲ್ಲಿ ನಾಲ್ಕು ದಿನ

ಮೊದಲ ದಿನ: ಸಸಿಹಿತ್ಲು

ಮಹಾಲಯ ಅಮಾವಾಸ್ಯೆ ಕಳೆದ ಎರಡನೆಯ ದಿನ, ಬೆಳಿಗ್ಗೆ ಆರೂವರೆಗೆ ಹಳೆಯಂಗಡಿಯಲ್ಲಿ ಹೆದ್ದಾರಿ ಬಿಟ್ಟು ಕಡಲಿನ ಕಡೆಗೆ ತಿರುಗಿದೆವು. ಕಾರಿನ ಮೇಲೆ ಎರಡು ಸರ್ಫ್ ಬೋರ್ಡ್‌ಗಳು. ಒಂದು ನನ್ನದು, ಇನ್ನೊಂದು ಅಕ್ಕನ ಮಗನಿಗೆಂದು ಬಾಡಿಗೆಗೆ ತಂದ ಮೆತ್ತನೆಯ ಫೋಮ್ ಬೋರ್ಡ್. ಹುಡುಗ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಈಜುಕೊಳದಲ್ಲಿ ಒಂದು ಕಿಲೋಮೀಟರ್ ನಿಲ್ಲದೆ ಈಜಬಲ್ಲ. ಬೇಸಿಗೆ ರಜೆಯಲ್ಲಿ ಮೂಲ್ಕಿಯಲ್ಲಿ ಹತ್ತು ದಿನ ಸರ್ಫಿಂಗ್ ಕಲಿತು ಹೋದವನು ಅಂದಿನಿಂದ ಪ್ರತಿ ವಾರವೂ ನನಗೆ ಫೋನ್ ಮಾಡಿ, ‘ಮಾಮ, ಜನ ಇಲ್ಲದ ಕಡೆ ಹೋಗೋಣ’ ಎನ್ನುತ್ತಿದ್ದ. ದಸರಾ ರಜೆ ಸಿಕ್ಕಿತು, ಬಂದ. ಹೊರಡುವ ಮೊದಲು ಅಕ್ಕ ನನ್ನೊಡನೆ ಹೆಚ್ಚು ಮಾತನಾಡಲಿಲ್ಲ. ‘ನೀನಿದ್ದೀಯಲ್ಲ’ ಎಂದಳು, ಅಷ್ಟೇ.

ಸಸಿಹಿತ್ಲಿಗೆ ಮೊದಲ ಸಲ ಬಂದವರಿಗೆ ಅಲ್ಲಿನ ನೆಲದ ಆಕಾರ ಅರ್ಥವಾಗಲು ಸ್ವಲ್ಪ ಹೊತ್ತು ಬೇಕು. ಮುಂದೆ ಕಡಲು, ಬೆನ್ನ ಹಿಂದೆ ಕಡಲಿಗೆ ಸಮಾನಾಂತರವಾಗಿ ಹರಿಯುವ ನಂದಿನಿ ಹೊಳೆ. ನಡುವೆ ಮರಳಿನ ಕಿರಿದಾದ ಪಟ್ಟಿ, ಅದರ ಮೇಲೆ ಗಾಳಿ ಮರಗಳು. ಉತ್ತರದ ತುದಿಯಲ್ಲಿ ನಂದಿನಿಯೂ ಶಾಂಭವಿಯೂ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಈ ಹೊಳೆಗಳು ತಂದು ಸುರಿಯುವ ಮರಳಿನ ದಿಬ್ಬಗಳ ಮೇಲೆಯೇ ಒಳ್ಳೆಯ ಅಲೆಗಳು ಏಳುವುದು. 2004ರಲ್ಲಿ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾದದ್ದಕ್ಕೂ, 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್‌ನ ಮೊದಲ ಕೂಟ ಸಸಿಹಿತ್ಲಿನಲ್ಲಿ ನಡೆದದ್ದಕ್ಕೂ ಈ ಮರಳೇ ಕಾರಣ. ಅಲೆಯನ್ನು ಕೊಡುವ ಮರಳು ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಜಾಗ ಬದಲಿಸುತ್ತದೆ. ಮೇ ತಿಂಗಳಲ್ಲಿ ಸೊಂಟದ ನೀರಿದ್ದ ಕಡೆ ಅಕ್ಟೋಬರಿನಲ್ಲಿ ಕಾಲಿಗೆ ನೆಲ ಸಿಗದೇ ಹೋಗಬಹುದು.

ಹುಡುಗ ಬೋರ್ಡ್ ಇಳಿಸಿ, ಅದನ್ನು ಕಾಲಿಗೆ ಬಿಗಿಯುವ ಹಗ್ಗವಾದ ಲೀಶ್‌ನ ಪಟ್ಟಿಯನ್ನು ಸುತ್ತತೊಡಗಿದ. ನಾನು ಬಿಚ್ಚಿಸಿದೆ. ಅರ್ಧ ಗಂಟೆ ಕುಳಿತು ನೋಡಿ, ಆಮೇಲೆ ನೀರು. ಇದು ನನಗೆ ಕಲಿಸಿದವರು ಹಾಕಿಕೊಟ್ಟ ಕಟ್ಟಳೆ, ಇದುವರೆಗೆ ಮುರಿದಿಲ್ಲ. ಐದು ನಿಮಿಷ ಏಕೆ ಸಾಲದು ಎಂದರೆ, ದೂರದಿಂದ ಬರುವ ದೊಡ್ಡ ಅಲೆಗಳು ಗುಂಪುಗುಂಪಾಗಿ ಬರುತ್ತವೆ. ಐದಾರು ದೊಡ್ಡವು ಬಂದು ಹೋದ ಮೇಲೆ ಹತ್ತು ಹದಿನೈದು ನಿಮಿಷ ಕಡಲು ಸುಮ್ಮನಿರುವುದುಂಟು. ಆ ಬಿಡುವಿನಲ್ಲಿ ಬಂದವನಿಗೆ ಅದು ಮಕ್ಕಳನ್ನು ಆಡಿಸುವ ಕಡಲಿನಂತೆ ಕಾಣುತ್ತದೆ.

‘ಎಲ್ಲಿ ಇಳಿಯುತ್ತೀಯ?’ ಎಂದು ಕೇಳಿದೆ. ಅವನು ಬಲಗಡೆ ಕೈ ತೋರಿಸಿದ. ಎರಡು ಕಡೆ ನೊರೆಯೊಡೆಯುವ ಅಲೆಗಳ ನಡುವೆ ಹದಿನೈದು ಮಾರು ಅಗಲದ, ಸಮತಟ್ಟಾದ, ಸ್ವಲ್ಪ ಕಪ್ಪಾದ ನೀರು. ‘ಅಲ್ಲಿ ಅಲೆಯೇ ಇಲ್ಲ, ಸುಲಭವಾಗಿ ಒಳಗೆ ಹೋಗಬಹುದು.’

ಒಳಗೆ ಹೋಗುವುದು ಸುಲಭ ಎಂಬುದು ನಿಜ. ಸರ್ಫ್ ಮಾಡುವವರು ಗೊತ್ತಿದ್ದೇ ಅದನ್ನು ಬಳಸುತ್ತಾರೆ. ದಂಡೆಗೆ ಬಂದು ಬಿದ್ದ ನೀರೆಲ್ಲ ಮರಳಿ ಹೋಗಲೇಬೇಕಲ್ಲ, ಅದು ದಿಬ್ಬಗಳ ನಡುವಿನ ಆಳವಾದ ಸಂದನ್ನು ಹಿಡಿದು ಹೊರಗೆ ಓಡುತ್ತದೆ. ಆಳವಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ, ಅಲೆ ಒಡೆಯದ್ದರಿಂದ ಶಾಂತವಾಗಿ ಕಾಣುತ್ತದೆ. ಇದೇ ರಿಪ್ ಕರೆಂಟ್. ನಮ್ಮ ಕಡೆ ಸೆಳೆತ ಎನ್ನುತ್ತಾರೆ. ಜೋರಾದ ಸೆಳೆತದ ವೇಗ ಸೆಕೆಂಡಿಗೆ ಎರಡು ಮೀಟರಿಗೂ ಏರಬಹುದು. ಅದಕ್ಕೆ ಎದುರಾಗಿ ನಿಂತಲ್ಲೇ ಇರಬೇಕಾದರೂ ನೂರು ಮೀಟರನ್ನು ಐವತ್ತು ಸೆಕೆಂಡಿನಲ್ಲಿ ಈಜುವ ಶಕ್ತಿ ಬೇಕು. ಪ್ರವಾಸಕ್ಕೆ ಬಂದ ಕುಟುಂಬಗಳು ಮಕ್ಕಳ ಕೈ ಹಿಡಿದು ಆರಿಸಿಕೊಳ್ಳುವುದು ಹೆಚ್ಚಾಗಿ ಇಂಥ ಜಾಗವನ್ನೇ. ಅದನ್ನು ಕಂಡಾಗಲೆಲ್ಲ ನನ್ನ ಹೊಟ್ಟೆಯೊಳಗೆ ಏನೋ ಕಲಕಿದಂತಾಗುತ್ತದೆ.

ಬಲೆ ಸರಿಪಡಿಸುತ್ತಿದ್ದ ಹಿರಿಯರೊಬ್ಬರು ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದರು. ತಲೆಯೆತ್ತದೆಯೇ ಆ ಕಪ್ಪು ನೀರಿನ ಕಡೆಗೆ ಗಲ್ಲ ತಿರುಗಿಸಿ, ‘ನೀರ್ ಒಯ್ಪುಂಡು’ ಎಂದರು. ನೀರು ಎಳೆಯುತ್ತದೆ. ಹುಡುಗನಿಗೆ ತುಳು ಬಾರದು, ಆದರೂ ಅರ್ಥವಾಯಿತು.

ಅಳಿವೆಯಿಂದ ಸಾಕಷ್ಟು ದಕ್ಷಿಣಕ್ಕೆ ನಡೆದು, ಎದೆಮಟ್ಟದ ಅಲೆಗಳಲ್ಲಿ ಎರಡು ಗಂಟೆ ಆಡಿದೆವು. ಬೆಳಗಿನ ಗಾಳಿ ನೆಲದ ಕಡೆಯಿಂದ ಬೀಸುತ್ತಿತ್ತು, ಅಲೆಗಳ ಮುಖ ನಯವಾಗಿತ್ತು. ಹನ್ನೊಂದರ ಹೊತ್ತಿಗೆ ಗಾಳಿ ಕಡಲಿನ ಕಡೆಯಿಂದ ತಿರುಗಿತು, ನೀರು ಒರಟಾಯಿತು, ಹೊರಬಂದೆವು. ಅವನು ಬೀಳುವಾಗ ತಲೆ ಮುಂದಾಗಿ ಧುಮುಕುವುದನ್ನು ಎರಡು ಸಲ ತಿದ್ದಬೇಕಾಯಿತು. ಮರಳ ದಿಬ್ಬದ ಮೇಲೆ ನೀರು ಮೊಣಕಾಲಷ್ಟೇ ಇರುತ್ತದೆ, ತಲೆ ತಗುಲಿದರೆ ಕುತ್ತಿಗೆ ಮುರಿಯುತ್ತದೆ. ಚಪ್ಪಟೆಯಾಗಿ ಬೀಳಬೇಕು, ಮೇಲೆ ಬರುವಾಗ ಎರಡೂ ಕೈಗಳಿಂದ ತಲೆ ಮುಚ್ಚಿಕೊಳ್ಳಬೇಕು.

ಎರಡನೆಯ ದಿನ: ಹೆಜಮಾಡಿ, ಪಡುಬಿದ್ರಿ, ಕಾಪು

ಈ ದಿನದ ಬಗ್ಗೆ ಹೇಳಲು ಹೆಚ್ಚಿಲ್ಲ. ಪಡುಬಿದ್ರಿಯ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ, ಶುಚಿಯಾದ, ಸುರಕ್ಷಿತವಾದ ಕಡಲತೀರಗಳಿಗೆ ಕೊಡುವ ಅಂತಾರಾಷ್ಟ್ರೀಯ ಮಾನ್ಯತೆ ಅದು. ಕಾಮಿನಿ ಹೊಳೆಯ ಬದಿಯಲ್ಲಿ ನಡೆದು ಹೋದರೆ ಶುಚಿಯಾದ ದಂಡೆ, ಈಜಲು ಗುರುತು ಮಾಡಿದ ಜಾಗ, ಕಾವಲಿಗೆ ಜೀವರಕ್ಷಕರು. ಹುಡುಗನಿಗೆ ಇದು ಬೇಸರ ತರಿಸಿತು. ನನಗೆ ಹಾಗಲ್ಲ. ಎತ್ತರದಲ್ಲಿ ಕುಳಿತು ಬೇರೇನೂ ಮಾಡದೆ ನೀರನ್ನಷ್ಟೇ ನೋಡುವ ಒಬ್ಬ ಮನುಷ್ಯ ಇದ್ದಾನೆ ಎಂಬುದು ಎಷ್ಟು ದೊಡ್ಡ ಸಂಗತಿ ಎಂದು ಅವನಿಗೆ ಹೇಳಿದೆ. ನಾಳೆ ಹೋಗುವಲ್ಲಿ ಆ ಕೆಲಸವನ್ನು ನಾವಿಬ್ಬರೇ ಸರದಿಯಂತೆ ಮಾಡಿಕೊಳ್ಳಬೇಕು.

ಕಾಪುವಿನಲ್ಲಿ 1901ರ ದೀಪಸ್ತಂಭದ ಬುಡದ ಬಂಡೆಯ ಮೇಲೆ ಕುಳಿತು ಮೊಬೈಲಿನಲ್ಲಿ ಮುನ್ಸೂಚನೆ ನೋಡಿದೆವು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮೀನುಗಾರರಿಗಾಗಿ ಕೊಡುವ ಅಲೆಯ ಮುನ್ಸೂಚನೆ ನಮ್ಮಂಥವರಿಗೂ ಒದಗುತ್ತದೆ. ಅಲೆಯ ಎತ್ತರ ಒಂದು ಮೀಟರ್ ಎಂದಿತ್ತು. ‘ನಿನ್ನೆಯಷ್ಟೇ’ ಎಂದ ಹುಡುಗ. ಪಕ್ಕದ ಅಂಕಿಯನ್ನು ತೋರಿಸಿದೆ. ಒಂದು ಅಲೆಗೂ ಮುಂದಿನದಕ್ಕೂ ನಡುವೆ 15 ಸೆಕೆಂಡ್. ಇಲ್ಲಿಯ ಗಾಳಿ ಎಬ್ಬಿಸಿದ ಅಲೆಗಳಿಗೆ ಆರೇಳು ಸೆಕೆಂಡ್ ಅಂತರವಿದ್ದರೆ ಹೆಚ್ಚು. ಹದಿನೈದು ಎಂದರೆ ಅವು ಸಮಭಾಜಕದ ಆಚೆ, ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಹುಟ್ಟಿ ಸಾವಿರಾರು ಕಿಲೋಮೀಟರ್ ನಡೆದು ಬಂದವು. ಎತ್ತರ ಒಂದೇ ಆದರೂ ಅವು ಹೊತ್ತು ತರುವ ನೀರು ಹೆಚ್ಚು, ದಂಡೆಯಲ್ಲಿ ಏರುವ ದೂರ ಹೆಚ್ಚು, ಮರಳುವಾಗಿನ ಸೆಳೆತವೂ ಹೆಚ್ಚು. ಗಾಳಿಯಿಲ್ಲದ, ಮೋಡವಿಲ್ಲದ ದಿನವೂ ಹೀಗೆ ಕಡಲು ಉಕ್ಕಿ ದಂಡೆಗೆ ನುಗ್ಗುವುದುಂಟು. ಕೇರಳದವರು ಅದನ್ನು ಕಳ್ಳಕ್ಕಡಲ್ ಎನ್ನುತ್ತಾರೆ, ಕಳ್ಳನಂತೆ ಬರುವ ಕಡಲು.

ರಾತ್ರಿ ಹೂಡೆಯ ಬಳಿ ತಂಗಿದೆವು. ಎಲ್ಲೋ ಹುಲಿವೇಷದ ತಾಸೆ ಬಡಿತ ಕೇಳುತ್ತಿತ್ತು. ಊಟ ಮುಗಿಸಿ ಅಂಗಳಕ್ಕೆ ಬಂದಾಗ ಪೂರ್ವದಲ್ಲಿ, ಬಹಳ ದೂರದಲ್ಲಿ, ಘಟ್ಟದ ಮೇಲೆ ಮಿಂಚು ಹರಡುತ್ತಿತ್ತು. ಗುಡುಗು ಇಲ್ಲಿಯವರೆಗೆ ಕೇಳಿಸುತ್ತಿರಲಿಲ್ಲ. ತಲೆಯ ಮೇಲೆ ನಕ್ಷತ್ರಗಳಿದ್ದವು. ಚೆನ್ನಾಗಿದೆ ಎಂದು ಇಬ್ಬರೂ ಬಹಳ ಹೊತ್ತು ನೋಡುತ್ತ ನಿಂತೆವು.

ಮೂರನೆಯ ದಿನ: ಕೋಡಿಬೆಂಗ್ರೆ

ಹೂಡೆಯಿಂದ ಉತ್ತರಕ್ಕೆ ಹೋದಂತೆ ನೆಲ ಕಿರಿದಾಗುತ್ತ ಹೋಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ರಸ್ತೆ, ತೆಂಗು, ಮನೆಗಳು, ಒಣಗಲು ಹರವಿದ ಮೀನು. ಅಲ್ಲಲ್ಲಿ ಕಡಲ್ಕೊರೆತ ತಡೆಯಲು ಸುರಿದ ಕಗ್ಗಲ್ಲುಗಳು. ಅಂಥ ಕಲ್ಲುಗಳ ಎದುರು ನೀರಿಗಿಳಿಯಲೇಬಾರದು. ನೀರಿನ ಮಟ್ಟ ಏರಿದಾಗ ದಂಡೆಯೇ ಇಲ್ಲವಾಗುತ್ತದೆ, ಅಲೆ ನೇರವಾಗಿ ಕಲ್ಲಿಗೆ ಅಪ್ಪಳಿಸುತ್ತದೆ, ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ರಸ್ತೆ ಮುಗಿಯುವಲ್ಲಿ ಅಳಿವೆ. ಸುವರ್ಣಾ ಮತ್ತು ಸೀತಾ ಹೊಳೆಗಳು ಕೂಡಿ ಇಲ್ಲಿ ಕಡಲು ಸೇರುತ್ತವೆ. ಆಚೆ ದಡ ಹಂಗಾರಕಟ್ಟೆಯ ಕಡೆಯದು. ಭಾರತದ ಮೊದಲ ವೃತ್ತಿಪರ ಸರ್ಫರ್ ಮಹಿಳೆ ಎನಿಸಿಕೊಂಡ ಇಶಿತಾ ಮಾಳವೀಯ ಮತ್ತು ಅವರ ಸಂಗಡಿಗರು ಶಾಕಾ ಸರ್ಫ್ ಕ್ಲಬ್ ಕಟ್ಟಿದ್ದು ಈ ಊರಿನಲ್ಲಿ. ಆದರೆ ನಾವು ಹೋದ ಬೆಳಿಗ್ಗೆ ಉದ್ದಾನುದ್ದ ದಂಡೆಯಲ್ಲಿ ಯಾರೂ ಇರಲಿಲ್ಲ.

ಕಾರಿನಿಂದ ಒಂದೊಂದಾಗಿ ಸಾಮಾನು ಇಳಿಸಿದೆ. ಮೂವತ್ತು ಮೀಟರ್ ತೇಲುವ ಹಗ್ಗ, ಸೀಟಿ, ಕುಡಿಯುವ ನೀರು, ಬ್ಯಾಂಡೇಜು, ಫ್ಲಾಸ್ಕಿನಲ್ಲಿ ಬಿಸಿನೀರು. ಬಿಸಿನೀರು ಚಹಾಕ್ಕಲ್ಲ. ಮರಳಿನಲ್ಲಿ ಹುದುಗಿರುವ ತೊರಕೆ ಮೀನಿನ ಮುಳ್ಳು ತಗುಲಿದರೆ ಸಹಿಸುವಷ್ಟು ಬಿಸಿಯಾದ ನೀರಿನಲ್ಲಿ ಕಾಲು ಇಡುವುದೇ ಮೊದಲ ಉಪಚಾರ. ಕಾಲನ್ನು ಎತ್ತಿ ಇಡದೆ ಮರಳಿನಲ್ಲಿ ಎಳೆದುಕೊಂಡು ನಡೆದರೆ ತೊರಕೆ ತಾನಾಗಿಯೇ ಸರಿದುಹೋಗುತ್ತದೆ. ಮೊಬೈಲಿನಲ್ಲಿ 112, ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡ್‌ನ 1554. ಮಣಿಪಾಲದ ಆಸ್ಪತ್ರೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು, ಅದೂ ಊರುಗಳ ನಡುವಿನ ಕಿರಿದಾದ ರಸ್ತೆಯಲ್ಲಿ. ಮುಳುಗಿದವರನ್ನು ಎಳೆದು ತಂದರೆ ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬಾರದು, ಉಸಿರಿಲ್ಲದಿದ್ದರೆ ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು, ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬಾರದು. ಇದನ್ನು ಹುಡುಗನಿಂದ ಎರಡು ಸಲ ಹೇಳಿಸಿದೆ.

ಉಬ್ಬರವಿಳಿತದ ಪಟ್ಟಿಯ ಪ್ರಕಾರ ಆ ದಿನ ಪೂರ್ಣ ಇಳಿತ ಎಂಟೂವರೆಗೆ. ಅಮಾವಾಸ್ಯೆಯ ಆಸುಪಾಸಿನ ದಿನಗಳಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಅಳಿವೆಯ ಓಟವೂ ಅಷ್ಟೇ ಜೋರು. ಆದ್ದರಿಂದ ಇಳಿತ ಮುಗಿಯಲಿ ಎಂದು ಒಂಬತ್ತೂವರೆಯವರೆಗೆ ಕಾದೆವು. ಈಗ ಉಬ್ಬರ ಶುರುವಾಗಿದೆ, ನೀರು ಒಳಗೆ ಬರುತ್ತದೆಯೇ ಹೊರತು ಹೊರಗೆ ಒಯ್ಯುವುದಿಲ್ಲ ಎಂದು ನಾನು ಲೆಕ್ಕ ಹಾಕಿದೆ. ಅಳಿವೆಯಿಂದ ಮುನ್ನೂರು ಮೀಟರ್ ದಕ್ಷಿಣಕ್ಕೆ ಜಾಗ ಆರಿಸಿದೆ. ದಂಡೆಯಲ್ಲಿ ಒಂದು ಬಾಗಿದ ತೆಂಗು, ಅದರ ಹಿಂದೆ ನೀಲಿ ಬಣ್ಣದ ಮನೆ. ಎರಡೂ ಒಂದೇ ಸಾಲಿನಲ್ಲಿ ಕಾಣುತ್ತಿರುವವರೆಗೆ ನೀನು ನಿನ್ನ ಜಾಗದಲ್ಲಿದ್ದೀಯ, ಸಾಲು ತಪ್ಪಿದರೆ ನೀರು ನಿನ್ನನ್ನು ಸರಿಸುತ್ತಿದೆ ಎಂದರ್ಥ, ಎಂದು ಹೇಳಿದೆ. ಒಬ್ಬರು ನೀರಿನಲ್ಲಿ, ಒಬ್ಬರು ದಂಡೆಯಲ್ಲಿ. ಮೊದಲ ಸರದಿ ಅವನದು.

ಅವನು ಅಂದು ಬಹಳ ಚೆನ್ನಾಗಿ ಆಡಿದ. ಮೂರನೆಯ ಅಲೆಯಲ್ಲಿ ನೇರವಾಗಿ ಎದ್ದು ನಿಂತು, ಮಂಡಿ ಬಾಗಿಸಿ, ಹಸಿರು ನೀರಿನ ಗೋಡೆಯ ಪಕ್ಕದಲ್ಲಿ ಜಾರುತ್ತ ಬಂದ. ನಾನು ಸೀಟಿ ಊದಿ ಕುಣಿದೆ. ಆಗ ಅಕ್ಕನ ಫೋನ್ ಬಂತು.

ಎರಡು ನಿಮಿಷ ಮಾತನಾಡಿರಬೇಕು. ಚೆನ್ನಾಗಿದ್ದಾನೆ, ಆಡುತ್ತಿದ್ದಾನೆ ಎಂದೆ. ತಿಂಡಿ ಏನು ತಿಂದಿರಿ ಎಂದು ಕೇಳಿದಳು. ಬನ್ಸ್ ಎಂದೆ. ಗಾಳಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ಕಡಲಿಗೆ ಬೆನ್ನು ಹಾಕಿ ನಿಂತಿದ್ದೆ. ತಿರುಗಿದಾಗ ತೆಂಗಿನ ಎದುರಿನ ನೀರಿನಲ್ಲಿ ಹುಡುಗ ಇರಲಿಲ್ಲ.

ಉತ್ತರಕ್ಕೆ, ಅಳಿವೆಗೆ ಅರ್ಧ ದಾರಿಯಲ್ಲಿ ಫೋಮ್ ಬೋರ್ಡಿನ ಹಳದಿ ಕಂಡಿತು. ಅವನು ದಂಡೆಯ ಕಡೆಗೆ ಮುಖ ಮಾಡಿ ಎರಡೂ ಕೈಗಳಿಂದ ಜೋರಾಗಿ ನೀರು ಬಡಿಯುತ್ತಿದ್ದ. ಬೋರ್ಡ್ ಮಾತ್ರ ದಂಡೆಯಿಂದ ದೂರ ಹೋಗುತ್ತಲೇ ಇತ್ತು. ಅವನ ಆಚೆ ನೀರು ಕೆಂಪಾಗಿತ್ತು, ಒಂದು ಗೆರೆ ಎಳೆದ ಹಾಗೆ. ಆ ಕೆಂಪು ನೀರಿನಲ್ಲಿ ತೆಂಗಿನ ಸಿಪ್ಪೆ, ಎಲೆಗಳಿದ್ದ ದೊಡ್ಡ ಕೊಂಬೆ, ಪ್ಲಾಸ್ಟಿಕ್ ಬಾಟಲಿಗಳು ಪಶ್ಚಿಮಕ್ಕೆ ಓಡುತ್ತಿದ್ದವು. ಉಬ್ಬರದ ಹೊತ್ತಿನಲ್ಲಿ ಹೊಳೆ ಹೊರಗೆ ಹರಿಯುತ್ತಿತ್ತು.

ನೀರಿಗೆ ಹಾರಬೇಕು ಎಂದು ಮೈಯೆಲ್ಲ ಎಳೆಯಿತು. ನಮ್ಮ ಕರಾವಳಿಯಲ್ಲಿ ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರೂ ಹೋದ ಸುದ್ದಿಯನ್ನು ಎಷ್ಟು ಸಲ ಓದಿಲ್ಲ? ಹಗ್ಗ ಹಿಡಿದು ಮರಳಿನ ಮೇಲೆ ಅವನ ನೇರಕ್ಕೆ ಓಡಿದೆ, ಸೀಟಿಯನ್ನು ಒಂದೇ ಸಮನೆ ಊದಿದೆ. ಅವನು ತಲೆಯೆತ್ತಿದ. ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡ ಹಿಡಿದು ತೋರಿಸಿದೆ. ಬೆಳಿಗ್ಗೆ ಮಾತನಾಡಿಕೊಂಡ ಸನ್ನೆ ಅದು, ಬಡಿಯುವುದನ್ನು ನಿಲ್ಲಿಸು. ಎಷ್ಟು ಹೊತ್ತು ಹಾಗೆ ಹಿಡಿದಿದ್ದೆನೋ. ಕೊನೆಗೆ ಅವನು ನಿಲ್ಲಿಸಿದ. ಬೋರ್ಡಿನ ಮೇಲೆ ಎದೆಯಿಟ್ಟು ಮಲಗಿ ಒಂದು ಕೈಯನ್ನು ನೇರವಾಗಿ ಮೇಲೆತ್ತಿದ. ಆ ಕೈಯನ್ನು ನಾನು ಇಂದಿಗೂ ಕಣ್ಣು ಮುಚ್ಚಿದರೆ ಕಾಣುತ್ತೇನೆ.

ನನ್ನ ಎಡಗೈಯನ್ನು ಚಾಚಿ ದಕ್ಷಿಣಕ್ಕೆ ತೋರಿಸಿದೆ. ದಂಡೆಯ ಕಡೆಗಲ್ಲ, ದಂಡೆಯ ಉದ್ದಕ್ಕೆ. ಸೆಳೆತಕ್ಕೆ ಅಗಲ ಹೆಚ್ಚಿರುವುದಿಲ್ಲ, ಅಡ್ಡಲಾಗಿ ದಾಟಿದರೆ ಬಿಡುಗಡೆ. ಅವನು ಮೆಲ್ಲನೆ ಕೈ ಹಾಕತೊಡಗಿದ. ಬೋರ್ಡ್ ಇನ್ನೂ ಹೊರಗೆ ಹೋಗುತ್ತಿತ್ತು, ಆದರೆ ಕೆಂಪು ಗೆರೆಯಿಂದ ದೂರವಾಗುತ್ತಿತ್ತು. ಅಷ್ಟರಲ್ಲಿ ಹೊಳೆಯ ಕಡೆಯಿಂದ ಎಂಜಿನ್ ಸದ್ದು ಕೇಳಿತು. ನನ್ನ ಸೀಟಿಗೆ ಎಚ್ಚೆತ್ತ ಇಬ್ಬರು ಮೀನುಗಾರರು ದೋಣಿ ಬಿಟ್ಟುಕೊಂಡು ಅಳಿವೆಯ ಬಾಯಿಗೆ ಬಂದಿದ್ದರು. ಅಲ್ಲಿ ಹೊಳೆಯ ನೀರೂ ಎದುರಿನಿಂದ ಬರುವ ದೊಡ್ಡ ಅಲೆಯೂ ಡಿಕ್ಕಿಯಾಗಿ ನೀರು ಗೋಡೆಯಂತೆ ನೆಟ್ಟಗೆ ನಿಲ್ಲುತ್ತಿತ್ತು. ಅವರು ಎಂಜಿನ್ ತಗ್ಗಿಸಿ, ಅಲೆಗಳ ಗುಂಪು ಕಳೆಯುವುದನ್ನು ಕಾಯುತ್ತ ನಿಂತರು.

ಹುಡುಗ ಹಸಿರು ನೀರಿಗೆ ಬಂದ. ಮುಂದಿನ ಅಲೆಯ ನೊರೆ ಅವನನ್ನು ಹಿಂದಿನಿಂದ ಎತ್ತಿ ತಳ್ಳಿತು. ಇನ್ನೊಂದು, ಮತ್ತೊಂದು. ಕಾಲಿಗೆ ಮರಳು ಸಿಕ್ಕಾಗ ಅವನು ಎದ್ದು ನಿಲ್ಲಲಾರದೆ ನಾಲ್ಕು ಕಾಲಿನಲ್ಲಿ ಹರಿದು ಬಂದ. ಎಲ್ಲವೂ ಸೇರಿ ಇಪ್ಪತ್ತು ನಿಮಿಷ. ದೋಣಿಯಲ್ಲಿದ್ದವರು ಕೈಯೆತ್ತಿ ಒಳಗೆ ತಿರುಗಿದರು.

ಮಧ್ಯಾಹ್ನ ಅವರನ್ನು ಹುಡುಕಿಕೊಂಡು ಹೋದೆವು. ಚಾವಡಿಯಲ್ಲಿ ಕೂರಿಸಿ ಗಂಜಿ ಬಡಿಸಿದರು, ಜೊತೆಗೆ ಸುಟ್ಟ ಬಂಗುಡೆ. ಹುಡುಗನ ಕೈ ತುತ್ತು ಎತ್ತುವಾಗ ಇನ್ನೂ ನಡುಗುತ್ತಿತ್ತು. ನಾನು ಉಬ್ಬರದ ಪಟ್ಟಿಯ ವಿಷಯ ಹೇಳಿದೆ. ಇಬ್ಬರಲ್ಲಿ ದೊಡ್ಡವರು ಕೇಳಿಸಿಕೊಂಡು, ‘ರಾತ್ರಿ ಘಟ್ಟದಲ್ಲಿ ಮಳೆ ಹೊಡೆದಿದೆ. ನೀವು ಕಡಲು ನೋಡಿದಿರಿ, ಹೊಳೆ ನೋಡಲಿಲ್ಲ’ ಎಂದರು.

ಸೀತೆ ಇಳಿದು ಬರುವುದು ಆಗುಂಬೆಯ ಕಡೆಯ ಕಾಡಿನಿಂದ, ಹೆಬ್ರಿಯ ಮೂಲಕ. ಆಗುಂಬೆಯ ಮಳೆಯ ವಿಷಯ ಶಾಲೆಯ ಮಕ್ಕಳಿಗೂ ಗೊತ್ತು. ಅಳಿವೆಯಲ್ಲಿ ನೀರು ತಿರುಗುವುದು ಕಡಲಿನ ಪಟ್ಟಿಗಿಂತ ಯಾವಾಗಲೂ ತಡ, ಹೊಳೆ ತುಂಬಿದ್ದರೆ ಇನ್ನೂ ತಡ. ಪುಸ್ತಕದಲ್ಲಿ ಓದಿ ತಿಳಿದಿದ್ದೆ. ಹಿಂದಿನ ರಾತ್ರಿ ಅಂಗಳದಲ್ಲಿ ನಿಂತು ಆ ಮಿಂಚನ್ನು ಚೆನ್ನಾಗಿದೆ ಎಂದು ನೋಡಿದ್ದೆ. ಎರಡನ್ನೂ ಜೋಡಿಸಲಿಲ್ಲ. ಅರ್ಧ ಗಂಟೆ ಕುಳಿತು ನೋಡುವ ನನ್ನ ಕಟ್ಟಳೆಯಲ್ಲಿ ನಾನು ಒಂದೇ ದಿಕ್ಕಿಗೆ ಮುಖ ಮಾಡಿದ್ದೆ.

ಸಂಜೆ ಅಕ್ಕನಿಗೆ ನಾನೇ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ, ಬೆನ್ನು ಹಾಕಿ ನಿಂತಿದ್ದನ್ನೂ. ಆಚೆ ಬಹಳ ಹೊತ್ತು ಮಾತಿರಲಿಲ್ಲ. ‘ಅವನಿಗೆ ಕೊಡು’ ಎಂದಳು.

ನಾಲ್ಕನೆಯ ದಿನ: ಮತ್ತೆ ಕೋಡಿಬೆಂಗ್ರೆ

ಬೋರ್ಡ್‌ಗಳನ್ನು ಕಾರಿನಿಂದ ಇಳಿಸಲಿಲ್ಲ. ಮೊದಲು ಹೊಳೆಯ ಬದಿಗೆ ಹೋದೆವು. ನೀರಿನ ಅಂಚಿನಲ್ಲಿ ಹುಡುಗ ಒಂದು ಕೋಲು ನೆಟ್ಟ, ಗಡಿಯಾರ ನೋಡಿದ. ನೀರು ಕೋಲಿನ ಮೇಲೆ ಏರತೊಡಗಿದ ಮೇಲೂ ನಡುಹೊಳೆಯ ತೆಂಗಿನ ಸಿಪ್ಪೆಗಳು ಮುಕ್ಕಾಲು ಗಂಟೆಗೂ ಹೆಚ್ಚು ಕಾಲ ಕಡಲಿನತ್ತಲೇ ಹೋಗುತ್ತಿದ್ದವು. ಅವನು ಅದನ್ನು ಮೊಬೈಲಿನಲ್ಲಿ ಬರೆದುಕೊಂಡ.

ಹೊರಡೋಣ ಎಂದು ಎದ್ದಾಗ ಎರಡು ಬೈಕ್‌ಗಳಲ್ಲಿ ನಾಲ್ವರು ಹುಡುಗರು ಬಂದರು. ಘಟ್ಟದ ಮೇಲಿನ ಕಡೆಯವರು, ಮಾತಿನಲ್ಲಿ ಗೊತ್ತಾಯಿತು. ಅಂಗಿ ಬಿಚ್ಚುತ್ತ, ‘ಅಣ್ಣ, ಇಲ್ಲಿ ಈಜಬಹುದಾ?’ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲು ಅಕ್ಕನ ಮಗ ಅವರನ್ನು ಕರೆದುಕೊಂಡು ಮರಳಿನ ಏರಿಗೆ ಹೋದ. ಕೆಂಪು ನೀರಿನ ಗೆರೆ ತೋರಿಸಿದ, ಅಲೆಯೊಡೆಯದ ಕಪ್ಪು ಸಂದು ತೋರಿಸಿದ, ನಿನ್ನೆ ತಾನು ಇದ್ದ ಜಾಗವನ್ನು ತೋರಿಸಿದ. ಮಲ್ಪೆಗೆ ಹೋಗಿ, ಅಲ್ಲಿ ಜೀವರಕ್ಷಕರಿದ್ದಾರೆ ಎಂದ. ಇಬ್ಬರು ಅಂಗಿಯನ್ನು ಮತ್ತೆ ಹಾಕಿಕೊಂಡರು. ಉಳಿದಿಬ್ಬರು ಇಷ್ಟು ದೂರ ಬಂದು ಕಾಲಾದರೂ ನೆನೆಸದೆ ಹೋಗುವುದೇ ಎಂದು ಮೊಣಕಾಲಿನವರೆಗೆ ಇಳಿದರು.

ಹುಡುಗ ಕಾರಿನ ಹಿಂಬದಿ ತೆರೆದು ಹಗ್ಗ ತಂದ. ನೀರಿನ ಅಂಚಿನಲ್ಲಿ ಇಬ್ಬರೂ ಕುಳಿತೆವು. ಮಧ್ಯಾಹ್ನದೊಳಗೆ ಮಂಗಳೂರು ತಲುಪಬೇಕಿತ್ತು, ಅವನಿಗೆ ದಾವಣಗೆರೆಯ ಬಸ್ ಇತ್ತು. ನನ್ನ ಮೊಬೈಲ್ ಜೇಬಿನಲ್ಲಿ ಎರಡು ಸಲ ಅದುರಿತು, ತೆಗೆಯಲಿಲ್ಲ. ಆ ಇಬ್ಬರು ಫೋಟೋ ತೆಗೆದುಕೊಂಡು, ನಕ್ಕು, ಅಲೆಗೆ ಬೆನ್ನು ಹಾಕಿ ನಿಂತು, ಒಂದು ಸಲ ಬಿದ್ದು ಎದ್ದು, ಕೊನೆಗೆ ಒಣ ಮರಳಿಗೆ ಬಂದು ಕಾಲು ಒರೆಸಿಕೊಳ್ಳುವವರೆಗೆ ನಾವು ಅಲ್ಲಿಂದ ಏಳಲಿಲ್ಲ.